ಮೂವತ್ತೊಂದು ರೂಪಾಯಿ ಹದಿನೈದಾಣೆಯ ಸವೆತ

(ಹಳೆಯ ಮೋಟಾರು ಕಾರುಗಳ ರಸ್ತೆ ಪರೀಕ್ಷೆಯನ್ನು ಕುರಿತ ಉಪನ್ಯಾಸದ ಬರಹ ರೂಪ)

ಸಂತೆಯಲ್ಲಿ ಎತ್ತು ಕೊಳ್ಳಲು ಹೋದವನು ಮೊದಲು ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಆಮೇಲೆ ನಾಲ್ಕು ಹೆಜ್ಜೆ ನಡೆಸುತ್ತಾನೆ. ಅಷ್ಟಕ್ಕೇ ಅವನಿಗೆ ಸಮಾಧಾನವಾಗುವುದಿಲ್ಲ. ನೊಗಕ್ಕೆ ಹೂಡಿ, ಭಾರದ ಗಾಡಿ ಎಳೆಸಿ, ಏರು ಹತ್ತಿಸಿ ನೋಡಿದ ಮೇಲೆಯೇ ಸೊಂಟದ ಚೀಲಕ್ಕೆ ಕೈ ಹಾಕುವುದು. ಹಲ್ಲು ವಯಸ್ಸನ್ನು ಹೇಳೀತು. ದುಡಿಮೆಗೆ ಎಷ್ಟು ಉಳಿದಿದೆ ಎಂಬುದನ್ನು ದಾರಿಯೇ ಹೇಳಬೇಕು.

ಮೋಟಾರು ಕಾರಿನ ವಿಷಯದಲ್ಲೂ ಇದೇ ಮಾತು. ಬಣ್ಣ ಹೊಡೆಸಿ, ಹಿತ್ತಾಳೆ ಉಜ್ಜಿ, ಹೊಸ ಚರ್ಮದ ಸೀಟು ಹಾಕಿಸಿದ ಎಪ್ಪತ್ತು ಎಂಬತ್ತು ವರ್ಷದ ಹಳೆಯ ಕಾರೊಂದು ಪ್ರದರ್ಶನದ ಬಯಲಿನಲ್ಲಿ ನಿಂತಿರುವಾಗ ಅದರ ಹೊಟ್ಟೆಯೊಳಗೆ ಏನಿದೆ ಎಂಬುದು ನೋಡುವವರಿಗೆ ತಿಳಿಯುವುದಿಲ್ಲ. ಎಷ್ಟೋ ಸಲ ಅದರ ಮಾಲೀಕರಿಗೂ ತಿಳಿದಿರುವುದಿಲ್ಲ. ಯಂತ್ರದ ಒಳಗಿನ ಸವೆತವನ್ನು ಅಳೆಯುವುದು ಹೇಗೆ? ಓಡಿಸಿ ನೋಡುವುದು ಒಂದು ದಾರಿ. ಓಡಿಸಿ, ಆಮೇಲೆ ಬಿಚ್ಚಿ, ಒಂದೊಂದು ಭಾಗವನ್ನೂ ಅಳೆದು ನೋಡುವುದು ಇನ್ನೊಂದು ದಾರಿ. ಈ ಎರಡನೆಯ ದಾರಿಯನ್ನು ಊರೆಲ್ಲ ನೋಡುವಂತೆ ಹಿಡಿದು, ಅದರಿಂದಲೇ ಹೆಸರು ಕಟ್ಟಿಕೊಂಡ ಕಾರು ಒಂದಿದೆ. ಅದು 1907ರಲ್ಲಿ ಇಂಗ್ಲೆಂಡಿನಲ್ಲಿ ಓಡಿದ ರೋಲ್ಸ್‌ ರಾಯ್ಸ್ ಕಂಪನಿಯ 'ಸಿಲ್ವರ್ ಘೋಸ್ಟ್'.

ರೋಲ್ಸ್ ರಾಯ್ಸ್ ಎಂದರೆ ಇಂದು ಸಿರಿವಂತಿಕೆಯ ಇನ್ನೊಂದು ಹೆಸರು. ಆದರೆ 1907ರಲ್ಲಿ ಅದಕ್ಕೆ ಆ ಪ್ರತಿಷ್ಠೆ ಇರಲಿಲ್ಲ. ಕಂಪನಿ ಹುಟ್ಟಿ ಒಂದು ವರ್ಷವಷ್ಟೇ ಆಗಿತ್ತು. ಅದರ ಹಿಂದಿದ್ದ ಹೆನ್ರಿ ರಾಯ್ಸ್ ಬಡತನದಲ್ಲಿ ಬೆಳೆದವರು. ಹುಡುಗನಾಗಿದ್ದಾಗ ಪತ್ರಿಕೆ ಮಾರಿ, ತಂತಿ ಹಂಚಿ ಹೊಟ್ಟೆ ಹೊರೆದವರು. ಮುಂದೆ ಮ್ಯಾಂಚೆಸ್ಟರಿನಲ್ಲಿ ವಿದ್ಯುತ್ ಯಂತ್ರ, ಕ್ರೇನುಗಳ ಕಾರ್ಖಾನೆ ಇಟ್ಟುಕೊಂಡರು. 1903ರಲ್ಲಿ ಹಳೆಯದೊಂದು ಫ್ರೆಂಚ್ ಡಿಕೋವಿಲ್ ಕಾರನ್ನು ಕೊಂಡು, ಅದರ ಸದ್ದು ಮತ್ತು ಒರಟುತನಗಳಿಂದ ಬೇಸತ್ತು, 'ಇದಕ್ಕಿಂತ ಚೆನ್ನಾಗಿ ತಾನೇ ಮಾಡಬಹುದಲ್ಲ' ಎಂದು ಹೊರಟವರು. ಅವರು ಮಾಡಿದ ಮೊದಲ ಕಾರು ರಸ್ತೆಗಿಳಿದದ್ದು 1904ರ ಏಪ್ರಿಲ್ ಒಂದರಂದು. ಮೂರ್ಖರ ದಿನ ಎಂದು ನಗುವವರು ನಗಬಹುದು. ಮರು ತಿಂಗಳೇ ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಚಾರ್ಲ್ಸ್ ರೋಲ್ಸ್ ಎಂಬ ಸಿರಿವಂತ ಮನೆತನದ ತರುಣ ಅವರನ್ನು ಭೇಟಿಯಾದರು. ಮಾಡುವವರು ಒಬ್ಬರು, ಮಾರುವವರು ಇನ್ನೊಬ್ಬರು ಎಂದು ಒಪ್ಪಂದವಾಯಿತು. ಇವರಿಬ್ಬರ ನಡುವೆ ಮೂರನೆಯವರೊಬ್ಬರಿದ್ದರು, ಕ್ಲಾಡ್ ಜಾನ್ಸನ್. ರೋಲ್ಸ್ ಮತ್ತು ರಾಯ್ಸ್ ಹೆಸರುಗಳ ನಡುವಿನ ಅಡ್ಡಗೆರೆಯೇ ಈ ಜಾನ್ಸನ್ ಎಂದು ಜನ ತಮಾಷೆ ಮಾಡುತ್ತಿದ್ದರು. ಈ ಕಥೆಯ ನಿಜವಾದ ಸೂತ್ರಧಾರ ಅವರೇ.

ಆ ಕಾಲದಲ್ಲಿ ಮೋಟಾರು ಕಾರು ಎಂದರೆ ದಾರಿಯಲ್ಲಿ ಕೈಕೊಡುವ ವಸ್ತು ಎಂದೇ ಅರ್ಥ. ಕಾರಿನ ಹಿಂದೆ ಉಪಕರಣಗಳ ಪೆಟ್ಟಿಗೆ, ಪಕ್ಕದಲ್ಲಿ ಮೈಗೆಲ್ಲ ಎಣ್ಣೆ ಬಳಿದುಕೊಂಡ ಮೆಕ್ಯಾನಿಕ್ ಇಲ್ಲದೆ ಯಾರೂ ದೂರ ಪ್ರಯಾಣ ಹೊರಡುತ್ತಿರಲಿಲ್ಲ. ರಸ್ತೆಗಳಿಗೆ ಡಾಂಬರು ಇನ್ನೂ ಅಪರೂಪ; ಬೇಸಿಗೆಯಲ್ಲಿ ದೂಳು, ಮಳೆಗಾಲದಲ್ಲಿ ಕೆಸರು. ಬ್ರಿಟನ್ನಿನ ಕಾನೂನು ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರಿಗಿಂತ ಹೆಚ್ಚು ವೇಗ ಕೂಡದು ಎನ್ನುತ್ತಿತ್ತು. ವೇಗವನ್ನು ತೋರಿಸಿ ಮಾರಾಟ ಮಾಡುವಂತಿರಲಿಲ್ಲ. ಕೊಳ್ಳುವವರ ಪ್ರಶ್ನೆ ಒಂದೇ: ಇದು ಹೋದ ಊರಿನಿಂದ ಹಿಂದಕ್ಕೆ ಬರುತ್ತದೆಯೇ?

ರಾಯ್ಸ್ ಮುಂದೆ ಇನ್ನೊಂದು ಕಠಿಣ ಸಮಸ್ಯೆಯೂ ಇತ್ತು. ಆರು ಸಿಲಿಂಡರಿನ ಎಂಜಿನ್ ನಾಲ್ಕು ಸಿಲಿಂಡರಿನದಕ್ಕಿಂತ ನಯವಾಗಿ ತಿರುಗುತ್ತದೆ, ನಿಜ. ಆದರೆ ಆರು ಸಿಲಿಂಡರಿಗೆ ಉದ್ದನೆಯ ಕ್ರ್ಯಾಂಕ್ ಶಾಫ್ಟ್ ಬೇಕು. ಒಂದೊಂದು ಸಿಲಿಂಡರಿನಲ್ಲಿ ಪೆಟ್ರೋಲು ಸಿಡಿದಾಗಲೂ ಈ ಉಕ್ಕಿನ ಕಂಬಿ ಒಂದು ಕೂದಲೆಳೆಯಷ್ಟು ತಿರುಚಿಕೊಂಡು ಮತ್ತೆ ಬಿಡಿಸಿಕೊಳ್ಳುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಪದೇ ಪದೇ ತಳ್ಳಿದರೆ ಅದು ಎತ್ತರಕ್ಕೆ ಹೋಗುವಂತೆ, ಎಂಜಿನ್ ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಈ ತಿರುಚಾಟವೂ ಏರುತ್ತಾ ಹೋಗಿ ಕೊನೆಗೆ ಕಂಬಿಯೇ ಮುರಿಯುತ್ತದೆ. ರಾಯ್ಸ್ ಅವರ ಮೊದಲ ಆರು ಸಿಲಿಂಡರಿನ ಕಾರನ್ನೂ, ಅಂದರೆ 30 ಅಶ್ವಶಕ್ತಿಯದನ್ನೂ, ಈ ರೋಗ ಬಿಟ್ಟಿರಲಿಲ್ಲ. ಆರು ಸಿಲಿಂಡರೆಂದರೆ ಬೇಡದ ತಲೆನೋವು ಎಂದು ಆ ಕಾಲದ ಎಷ್ಟೋ ಎಂಜಿನಿಯರುಗಳು ನಂಬಿದ್ದರು.

ರಾಯ್ಸ್ ಹಿಂದೆ ಸರಿಯಲಿಲ್ಲ. ಹೊಸ 40/50 ಅಶ್ವಶಕ್ತಿಯ ಕಾರಿಗೆ ಮೂರು ಮೂರು ಸಿಲಿಂಡರುಗಳ ಎರಡು ತುಂಡುಗಳನ್ನು ಜೋಡಿಸಿದರು. ಮುಂದಿನ ಅರ್ಧ ಕ್ರ್ಯಾಂಕಿಗೆ ಹಿಂದಿನ ಅರ್ಧ ಕನ್ನಡಿಯ ಬಿಂಬದಂತೆ ಇರುವ ಹಾಗೆ ಮಾಡಿದರು. ಕಂಬಿಯನ್ನು ದಪ್ಪ ಮಾಡಿದರು, ಅದಕ್ಕೆ ಏಳು ಬೇರಿಂಗುಗಳ ಆಸರೆ ಕೊಟ್ಟರು. ಆ ಬೇರಿಂಗುಗಳಿಗೆ ಎಣ್ಣೆ ತೊಟ್ಟಿಕ್ಕುವುದಕ್ಕೆ ಬಿಡದೆ ಪಂಪಿನಿಂದ ಒತ್ತಡದಲ್ಲಿ ಹರಿಸಿದರು. ಎಂಜಿನ್ನಿನ ಗಾತ್ರ 7,036 ಘನ ಸೆಂಟಿಮೀಟರು. ಇಂದಿನ ಸಾಧಾರಣ ಕಾರುಗಳ ಐದಾರು ಎಂಜಿನ್ನುಗಳನ್ನು ಒಟ್ಟಿಗೆ ಇಟ್ಟರೆ ಇಷ್ಟಾಗುತ್ತದೆ. ಇಷ್ಟು ದೊಡ್ಡದಾದರೂ ಅದು ಕೊಡುತ್ತಿದ್ದದ್ದು ನಿಮಿಷಕ್ಕೆ 1,250 ಸುತ್ತಿನಲ್ಲಿ 48 ಅಶ್ವಶಕ್ತಿ ಮಾತ್ರ. ದೊಡ್ಡ ದೇಹ, ನಿಧಾನದ ಉಸಿರು. ಈ ಮಾತನ್ನು ನೆನಪಿನಲ್ಲಿಡಬೇಕು, ಸವೆತದ ಲೆಕ್ಕಕ್ಕೆ ಬರುವಾಗ ಬೇಕಾಗುತ್ತದೆ.

ಕಾರೇನೋ ತಯಾರಾಯಿತು. 1906ರ ನವೆಂಬರಿನಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ಇಟ್ಟದ್ದೂ ಆಯಿತು. ಚಾಸಿಯೊಂದಕ್ಕೇ ಬೆಲೆ 985 ಪೌಂಡು. ಬಾಡಿ ಕಟ್ಟಿಸುವ ಖರ್ಚು ಬೇರೆ. ಅಂದು ಒಂದು ಪೌಂಡಿಗೆ 15 ರೂಪಾಯಿಯ ಲೆಕ್ಕ, ಅಂದರೆ ಚಾಸಿಗೆ 14,775 ರೂಪಾಯಿ. ಹೊಸ ಕಂಪನಿಯ, ಪರೀಕ್ಷೆಯಾಗದ ಎಂಜಿನ್ನಿಗೆ ಇಷ್ಟು ಹಣ ಸುರಿಯುವವರು ಯಾರು?

ಕ್ಲಾಡ್ ಜಾನ್ಸನ್ ಈ ಕಂಪನಿಗೆ ಬರುವ ಮೊದಲು ಬ್ರಿಟನ್ನಿನ ಆಟೊಮೊಬೈಲ್ ಕ್ಲಬ್ಬಿನ ಮೊದಲ ಕಾರ್ಯದರ್ಶಿಯಾಗಿದ್ದವರು. 1900ರಲ್ಲಿ ದೇಶದ ಉದ್ದಕ್ಕೂ ನಡೆದ ಸಾವಿರ ಮೈಲಿಗಳ ಕಾರು ಪರೀಕ್ಷೆಯನ್ನು ಏರ್ಪಡಿಸಿದವರೂ ಅವರೇ. ಜನರಿಗೆ ಜಾಹೀರಾತಿನ ಮೇಲೆ ನಂಬಿಕೆಯಿಲ್ಲ, ಮೂರನೆಯವರ ಸಾಕ್ಷಿಯ ಮೇಲೆ ನಂಬಿಕೆ ಇದೆ ಎಂಬುದು ಅವರಿಗೆ ಗೊತ್ತಿತ್ತು. ಅವರು 60551 ಸಂಖ್ಯೆಯ ಚಾಸಿಯೊಂದನ್ನು ಆರಿಸಿದರು. ಬಾರ್ಕರ್ ಕಂಪನಿಯಿಂದ ತೆರೆದ ಬಾಡಿ ಕಟ್ಟಿಸಿ, ಅಲ್ಯೂಮಿನಿಯಂ ಬಣ್ಣ ಬಳಿಸಿ, ದೀಪ ಹಿಡಿಕೆಗಳಿಗೆಲ್ಲ ಬೆಳ್ಳಿಯ ಲೇಪ ಕೊಡಿಸಿದರು. ಸದ್ದಿಲ್ಲದೆ ಸುಳಿದು ಹೋಗುವ ಈ ಬಿಳಿಯ ಆಕೃತಿಗೆ 'ಬೆಳ್ಳಿಯ ಭೂತ' ಎಂಬ ಅರ್ಥ ಬರುವ ಹೆಸರಿಟ್ಟರು. ನೋಂದಣಿ ಸಂಖ್ಯೆ ಎಎಕ್ಸ್ 201. ಆಮೇಲೆ ಆ ಮಾದರಿಗೆಲ್ಲ ಇದೇ ಹೆಸರು ಅಂಟಿಕೊಂಡಿತಾದರೂ ಮೊದಲಿಗೆ ಅದು ಈ ಒಂದೇ ಕಾರಿನ ಹೆಸರು.

1907ರ ಮೇ ತಿಂಗಳಲ್ಲಿ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ವೀಕ್ಷಕರನ್ನು ಕಾರಿನೊಳಗೆ ಕೂರಿಸಿಕೊಂಡು 2,000 ಮೈಲಿಗಳ ಒಂದು ಪರೀಕ್ಷೆ ನಡೆಯಿತು. ಅದರಲ್ಲಿ ಮೇಲಿನ ಎರಡು ಗೇರುಗಳನ್ನು ಮಾತ್ರ ಬಳಸಿದರು. ಜೂನ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಬೆಟ್ಟದ ದಾರಿಗಳಲ್ಲಿ ನಡೆದ ವಿಶ್ವಾಸಾರ್ಹತೆಯ ಪಂದ್ಯಕ್ಕೆ ಇಳಿಸಿದರು. ಅಲ್ಲಿ 629ನೆಯ ಮೈಲಿಯಲ್ಲಿ ಕಾರು ತಟಕ್ಕನೆ ನಿಂತಿತು. ನೋಡಿದರೆ, ರಸ್ತೆಯ ಕುಲುಕಾಟಕ್ಕೆ ಪೆಟ್ರೋಲಿನ ನಲ್ಲಿ ತಾನಾಗಿಯೇ ಮುಚ್ಚಿಕೊಂಡಿತ್ತು! ನಲ್ಲಿ ತಿರುಗಿಸಿ ಹೊರಟರು. ಕೆಲಸ ಒಂದು ಗಳಿಗೆಯದು, ಆದರೆ ವೀಕ್ಷಕರ ಪುಸ್ತಕದಲ್ಲಿ ಅದು ದಾಖಲಾಯಿತು. ಅಷ್ಟು ಸಾವಿರ ಮೈಲಿಗಳ ಕಥೆಯಲ್ಲಿ ಯಂತ್ರದ ದೋಷದಿಂದ ಆದ ನಿಲುಗಡೆ ಇದೊಂದೇ.

ಪಂದ್ಯ ಮುಗಿದ ಮೇಲೆ ಕಾರು ಮನೆಗೆ ಹೋಗಲಿಲ್ಲ. ಲಂಡನ್ನಿನಿಂದ ಗ್ಲಾಸ್ಗೋಗೆ, ಗ್ಲಾಸ್ಗೋದಿಂದ ಲಂಡನ್ನಿಗೆ. ಒಂದು ದಿಕ್ಕಿಗೆ ಸುಮಾರು 400 ಮೈಲಿ. ಹಗಲೂ ರಾತ್ರಿಯೂ ಓಟ. ಭಾನುವಾರ ಮಾತ್ರ ಬಿಡುವು. ಹೀಗೆ 27 ಬಾರಿ. ರೋಲ್ಸ್, ಜಾನ್ಸನ್ ಮತ್ತು ಕಂಪನಿಯ ಇಬ್ಬರು ಚಾಲಕರು ಸರದಿಯಲ್ಲಿ ಓಡಿಸಿದರು. ಟಯರು ಸಿಡಿದರೆ ಬದಲಾಯಿಸುವುದಕ್ಕೆ ನಿಲ್ಲಬಹುದಿತ್ತು. ಆ ಕಾಲದ ಟಯರುಗಳ ಪಾಡು ಎಲ್ಲರಿಗೂ ಗೊತ್ತಿದ್ದುದರಿಂದ ಅದನ್ನು ಯಂತ್ರದ ತಪ್ಪೆಂದು ಹಿಡಿಯಲಿಲ್ಲ. ಅದುವರೆಗಿನ ದಾಖಲೆ ಸಿಡ್ಲಿ ಕಾರೊಂದರ ಹೆಸರಿನಲ್ಲಿತ್ತು, 7,089 ಮೈಲಿ. ಸಿಲ್ವರ್ ಘೋಸ್ಟ್ ಆ ಗಡಿ ದಾಟಿ, ಅದರ ಇಮ್ಮಡಿಯನ್ನೂ ದಾಟಿ, 14,371 ಮೈಲಿ ಕೈಕೊಡದೆ ಓಡಿತು. ಆ ಮೊದಲಿನ 629 ಸೇರಿಸಿದರೆ ಸರಿಯಾಗಿ 15,000 ಮೈಲಿ, ನಮ್ಮ ಲೆಕ್ಕದಲ್ಲಿ 24,140 ಕಿಲೋಮೀಟರು. ಭೂಮಿಯ ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು.

ಬೇರೆ ಯಾವ ಕಂಪನಿಯಾದರೂ ಇಲ್ಲಿಗೆ ನಿಲ್ಲಿಸಿ ಪತ್ರಿಕೆಗಳಿಗೆ ಫೋಟೋ ಕೊಟ್ಟು ಸಂಭ್ರಮಪಡುತ್ತಿತ್ತು. ಜಾನ್ಸನ್ ಕೇಳಿದ್ದೇ ಬೇರೆ. 'ಈಗ ಕಾರನ್ನು ಬಿಚ್ಚಿ. ಒಂದೊಂದು ಭಾಗವನ್ನೂ ಅಳೆಯಿರಿ. ಅಳತೆಗೆ ಸಿಗುವಷ್ಟು ಸವೆತ ಎಲ್ಲಿ ಕಂಡರೂ ಆ ಭಾಗವನ್ನು ಬದಲಾಯಿಸಬೇಕು. ಕಾರು ಹೊಸದರಂತೆ ಆಗಲು ಎಷ್ಟು ಖರ್ಚು ಎಂದು ನೀವೇ ಹೇಳಿ' ಎಂಬುದು ಕ್ಲಬ್ಬಿಗೆ ಅವರು ಮಾಡಿದ ಕೋರಿಕೆಯ ತಾತ್ಪರ್ಯ. ಇದರಲ್ಲಿ ಗಂಡಾಂತರ ಸಣ್ಣದಲ್ಲ. ರಸ್ತೆಯಲ್ಲಿ ಸದ್ದು ಮಾಡದ ದೋಷ ಬಿಚ್ಚಿದಾಗ ಕಣ್ಣಿಗೆ ಬೀಳುತ್ತದೆ. ಕ್ರ್ಯಾಂಕಿನಲ್ಲಿ ಒಂದು ಬಿರುಕು, ಸಿಲಿಂಡರಿನ ಗೋಡೆಯಲ್ಲಿ ಒಂದು ಗೀರು ಸಿಕ್ಕಿದ್ದರೂ 15,000 ಮೈಲಿಯ ಹೆಮ್ಮೆ ಮಣ್ಣುಪಾಲಾಗುತ್ತಿತ್ತು. ಆರು ಸಿಲಿಂಡರು ಬೇಡವೆಂದವರ ಮಾತು ನಿಜವಾಗುತ್ತಿತ್ತು. ಒಂದು ವರ್ಷದ ಕಂಪನಿ ಅದನ್ನು ತಾಳಿಕೊಳ್ಳುತ್ತಿತ್ತೆಂದು ಹೇಳುವುದು ಕಷ್ಟ.

ಬಿಚ್ಚಿದರು. ಎಂಜಿನ್ನಿನ ಬೇರಿಂಗುಗಳಲ್ಲಿ, ಸಿಲಿಂಡರುಗಳಲ್ಲಿ, ಗೇರುಗಳಲ್ಲಿ ಹೇಳಿಕೊಳ್ಳುವಂಥ ಸವೆತವಿರಲಿಲ್ಲ. ಸ್ಟೇರಿಂಗಿನ ಪಿನ್ನುಗಳು, ಅದರ ಗುಂಡಿನ ಕೀಲು ಸ್ವಲ್ಪ ಸವೆದಿದ್ದವು. ಮ್ಯಾಗ್ನೆಟೋವನ್ನು ತಿರುಗಿಸುವ ಜೋಡಣೆ ಸವೆದಿತ್ತು. ಫ್ಯಾನಿನ ಪಟ್ಟಿ ಹಳೆಯದಾಗಿತ್ತು. ಪೆಟ್ರೋಲು ಸೋಸುವ ಜಾಲರಿ ಬದಲಾಗಬೇಕಿತ್ತು. ವಾಲ್ವುಗಳನ್ನು ಉಜ್ಜಿ ಕೂರಿಸಬೇಕಿತ್ತು, ನೀರಿನ ಪಂಪಿಗೆ ಹೊಸ ಪ್ಯಾಕಿಂಗ್ ಬೇಕಿತ್ತು. ಬದಲಾಯಿಸಿದ ಭಾಗಗಳ ಒಟ್ಟು ಬೆಲೆ 2 ಪೌಂಡು, 2 ಷಿಲಿಂಗು, 7 ಪೆನ್ಸು. ಅಂದಿನ ವಿನಿಮಯದಲ್ಲಿ ರೂಪಾಯಿಗೆ 16 ಪೆನ್ಸು; ಹಾಗಾಗಿ ಇದು ಲೆಕ್ಕಾಚಾರ ತಪ್ಪದಂತೆ 31 ರೂಪಾಯಿ 15 ಆಣೆ. ಹದಿನಾಲ್ಕು ಸಾವಿರ ಚಿಲ್ಲರೆ ರೂಪಾಯಿಯ ಚಾಸಿಗೆ ಮೂವತ್ತೆರಡು ರೂಪಾಯಿಯೂ ತುಂಬದ ರಿಪೇರಿ.

ಈ ಅಂಕಿಯನ್ನು ಕಂಪನಿ ದಶಕಗಳ ಕಾಲ ಬಳಸಿಕೊಂಡಿತು. ಆದರೆ ಇಲ್ಲಿ ಒಂದು ಮಾತನ್ನು ಎತ್ತಿ ತೋರಿಸಬೇಕು. ಈ ಪರೀಕ್ಷೆ ಎಂಜಿನ್ನಿನ ಮಟ್ಟಿಗೆ ಸ್ವಲ್ಪ ಕೃಪಾಳುವೇ ಆಗಿತ್ತು. ಎಂಜಿನ್ ಹೆಚ್ಚು ಸವೆಯುವುದು ದೂರ ಓಡಿದಾಗ ಅಲ್ಲ, ತಣ್ಣಗಿರುವಾಗ ಹೊತ್ತಿಸಿದಾಗ. ತಣ್ಣನೆಯ ಗೋಡೆಯ ಮೇಲೆ ಪೆಟ್ರೋಲು ಹನಿಯಾಗಿ ಇಳಿದು ಎಣ್ಣೆಯ ಪೊರೆಯನ್ನು ತೊಳೆದುಬಿಡುತ್ತದೆ. ಉರಿದ ಅನಿಲದ ತೇವ ಆಮ್ಲವಾಗಿ ಕಬ್ಬಿಣವನ್ನು ತಿನ್ನುತ್ತದೆ. ವಾರದಲ್ಲಿ ಆರು ದಿನ ಹಗಲಿರುಳು ಬೆಚ್ಚಗೆ ಓಡುತ್ತಿದ್ದ ಸಿಲ್ವರ್ ಘೋಸ್ಟಿಗೆ ಈ ಕಾಟ ಬಹಳ ಕಡಿಮೆ. ದಿನಕ್ಕೆ ನಾಲ್ಕು ಸಲ ತರಕಾರಿ ಅಂಗಡಿಗೂ ಶಾಲೆಗೂ ಹೋಗಿ ಬರುವ ಕಾರು 15,000 ಮೈಲಿ ಮುಗಿಸುವಷ್ಟರಲ್ಲಿ ಸಾವಿರಾರು ಸಲ ತಣ್ಣಗೆ ಹೊತ್ತಿಕೊಂಡಿರುತ್ತದೆ. ಜೊತೆಗೆ, ನಿಮಿಷಕ್ಕೆ ಸಾವಿರ ಸುತ್ತಿನ ಆಚೀಚೆ ತಿರುಗುವ ಎಂಜಿನ್ನಿನ ಪಿಸ್ಟನ್ನು ಪ್ರತಿ ಮೈಲಿಗೆ ಉಜ್ಜುವ ದೂರವೂ ಕಡಿಮೆಯೇ. ಹಾಗಿದ್ದರೂ ಗಾಳಿ ಸೋಸುವ ಫಿಲ್ಟರೇ ಇಲ್ಲದ ಕಾಲದಲ್ಲಿ, ಆ ದೂಳನ್ನೆಲ್ಲ ನುಂಗಿ ಸಿಲಿಂಡರು ಸವೆಯದೆ ಉಳಿದದ್ದು ಲೋಹದ ಆಯ್ಕೆಗೂ ಕೆಲಸದ ನಾಜೂಕಿಗೂ ಸಲ್ಲಬೇಕಾದ ಗೌರವ. ಸವೆದದ್ದು ಯಾವುದು ನೋಡಿ: ರಸ್ತೆಯ ಪೆಟ್ಟನ್ನು ನೇರವಾಗಿ ತಿನ್ನುವ ಸ್ಟೇರಿಂಗಿನ ಕೀಲುಗಳು. ಇಂದಿಗೂ ಹಳೆಯ ಕಾರುಗಳಲ್ಲಿ ಮೊದಲು ಸೋಲುವುದು ಅವೇ.

ಮರುವರ್ಷ, 1908ರಲ್ಲಿ, ಪರೀಕ್ಷೆಯ ಅಂಗಳ ನಮ್ಮ ಸಹ್ಯಾದ್ರಿಗೆ ಬಂತು. ಮೋಟಾರ್ ಯೂನಿಯನ್ ಆಫ್ ವೆಸ್ಟರ್ನ್ ಇಂಡಿಯಾ ಬೊಂಬಾಯಿಯಿಂದ ಕೊಲ್ಹಾಪುರಕ್ಕೆ ಹೋಗಿಬರುವ 620 ಮೈಲಿಗಳ ಪಂದ್ಯವೊಂದನ್ನು ಏರ್ಪಡಿಸಿತು. ದಾರಿಯಲ್ಲಿ ಆರು ಘಾಟಿಗಳು. ರೋಲ್ಸ್ ರಾಯ್ಸ್ ಕಂಪನಿ 40/50ರ ಒಂದು ಕಾರನ್ನು ಹಡಗಿನಲ್ಲಿ ಕಳಿಸಿತು. ಅದಕ್ಕೆ 'ಪರ್ಲ್ ಆಫ್ ದಿ ಈಸ್ಟ್', ಪೂರ್ವದ ಮುತ್ತು, ಎಂದು ಹೆಸರು. ಎತ್ತಿನ ಗಾಡಿಗಳ ಚಕ್ರದಿಂದ ಗಾಡಿಜಾಡು ಬಿದ್ದ ದಾರಿಯಲ್ಲಿ ಕಾರು ಗೆದ್ದಿತು. ಅದನ್ನು ಗ್ವಾಲಿಯರಿನ ಮಹಾರಾಜರು ಕೊಂಡುಕೊಂಡರು. ಮುಂದೆ ಹಿಂದೂಸ್ಥಾನದ ಸಂಸ್ಥಾನಗಳ ಮೋಟಾರು ಮನೆಗಳಲ್ಲಿ ರೋಲ್ಸ್ ರಾಯ್ಸ್‌ಗಳು ತುಂಬಿಕೊಂಡದ್ದಕ್ಕೆ ಇಂಥ ಘಾಟಿಗಳೂ ಕಾರಣ. ಆನೆಯನ್ನೂ ಕುದುರೆಯನ್ನೂ ನಡೆಸಿ ನೋಡಿ ಕೊಳ್ಳುತ್ತಿದ್ದವರು ಅವರು.

ಅದೇ 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ ಬೇರೆ ಬಗೆಯ ಪರೀಕ್ಷೆಯೂ ನಡೆಯಿತು. ಅಮೆರಿಕದ ಮೂರು ಕ್ಯಾಡಿಲ್ಲಾಕ್ ಕಾರುಗಳನ್ನು ಪೂರಾ ಬಿಚ್ಚಿ, ಭಾಗಗಳನ್ನೆಲ್ಲ ಕಲಸಿ ರಾಶಿ ಹಾಕಿ, ಆ ರಾಶಿಯಿಂದ ಮತ್ತೆ ಮೂರು ಕಾರು ಕಟ್ಟಿ 500 ಮೈಲಿ ಓಡಿಸಿದರು. ಅರ ಹಾಕಿ ಉಜ್ಜದೆ ಎಲ್ಲವೂ ಕೂಡಿಕೊಂಡವು. ಇಂಗ್ಲಿಷರ ಪರೀಕ್ಷೆ ಒಬ್ಬ ಕುಶಲಕರ್ಮಿಯ ಕೈಗುಣವನ್ನು ತೋರಿಸಿತು. ಅಮೆರಿಕದವರದು ಕೈಗುಣವೇ ಬೇಡವೆಂಬುದನ್ನು ತೋರಿಸಿತು. ಮುಂದಿನ ಶತಮಾನ ಯಾರ ಕಡೆಗೆ ಹೋಯಿತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸವೆತದ ಪರೀಕ್ಷೆ ಒಂದಾದರೆ ಸಾಮರ್ಥ್ಯದ ಪರೀಕ್ಷೆ ಇನ್ನೊಂದು. 1911ರಲ್ಲಿ ನೇಪಿಯರ್ ಕಂಪನಿಯವರು ತಮ್ಮ ಕಾರನ್ನು ಲಂಡನ್ನಿನಿಂದ ಎಡಿನ್‌ಬರೊಗೆ ಟಾಪ್ ಗೇರಿನಲ್ಲೇ ಓಡಿಸಿದೆವೆಂದು ಸಾರಿದರು. ರೋಲ್ಸ್ ರಾಯ್ಸ್‌ನವರು ಸವಾಲನ್ನು ಎತ್ತಿಕೊಂಡರು. ಅರ್ನೆಸ್ಟ್ ಹೈವ್ಸ್ ಎಂಬ ಚಾಲಕ 1701 ಸಂಖ್ಯೆಯ ಚಾಸಿಯನ್ನು ಟಾಪ್ ಗೇರಿನಲ್ಲೇ ಎಡಿನ್‌ಬರೊಗೆ ಒಯ್ದು ಹಿಂದಕ್ಕೆ ತಂದರು. ಗ್ಯಾಲನ್ನಿಗೆ 24.32 ಮೈಲಿ, ಅಂದರೆ ಲೀಟರಿಗೆ ಸುಮಾರು ಎಂಟೂವರೆ ಕಿಲೋಮೀಟರು ಬಂತು. ಆಮೇಲೆ ಅದೇ ಕಾರು ಬ್ರೂಕ್‌ಲ್ಯಾಂಡ್ಸ್ ಓಟದ ಹಾದಿಯಲ್ಲಿ ಗಂಟೆಗೆ 78.26 ಮೈಲಿ ವೇಗ ಮುಟ್ಟಿತು. ಒಂದೇ ಗೇರಿನಲ್ಲಿ ಜನಜಂಗುಳಿಯ ಪೇಟೆಬೀದಿಯ ನಡಿಗೆಯೂ, ಗಂಟೆಗೆ 125 ಕಿಲೋಮೀಟರಿನ ಓಟವೂ. ಗೇರು ಬದಲಾಯಿಸುವುದೇ ಒಂದು ದೊಡ್ಡ ವಿದ್ಯೆಯಾಗಿದ್ದ ಆ ಕಾಲದಲ್ಲಿ ಇದರ ಬೆಲೆ ಕೊಳ್ಳುವವರಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ರಸ್ತೆ ಯಾರ ಬಿಂಕವನ್ನೂ ಬಹಳ ಕಾಲ ಉಳಿಸುವುದಿಲ್ಲ. 1912ರಲ್ಲಿ ಆಸ್ಟ್ರಿಯಾದ ಆಲ್ಪ್ಸ್ ಪಂದ್ಯಕ್ಕೆ ಜೇಮ್ಸ್ ರ್‍ಯಾಡ್ಲಿ ತಮ್ಮ ಸಿಲ್ವರ್ ಘೋಸ್ಟ್ ಒಯ್ದರು. ಅಷ್ಟರಲ್ಲಿ ಕಂಪನಿ ನಾಲ್ಕು ಗೇರಿನ ಪೆಟ್ಟಿಗೆಯನ್ನು ಕೈಬಿಟ್ಟು ಮೂರು ಗೇರಿನದನ್ನು ಹಾಕುತ್ತಿತ್ತು. ಕಾಟ್ಷ್‌ಬರ್ಗ್ ಎಂಬ ಕಡಿದಾದ ಘಾಟಿಯಲ್ಲಿ, ಅಷ್ಟು ಹೆಸರುವಾಸಿಯಾದ ಕಾರು ಏರಲಾರದೆ ನಿಂತುಬಿಟ್ಟಿತು. ಜನ ಕೆಳಗಿಳಿದ ಮೇಲೆ ಮುಂದೆ ಹೋಯಿತು. ಎಂಜಿನ್ನಿನಲ್ಲಿ ದೋಷವಿರಲಿಲ್ಲ, ಮೊದಲ ಗೇರು ಆ ಏರಿಗೆ ಸಾಲದಷ್ಟು 'ಎತ್ತರ'ದ್ದಾಗಿತ್ತು, ಅಷ್ಟೇ. ಸುದ್ದಿ ತಿಳಿದ ಕಂಪನಿ ನೆಪ ಹೇಳುತ್ತಾ ಕೂರಲಿಲ್ಲ. ನಾಲ್ಕು ಗೇರಿನ ಪೆಟ್ಟಿಗೆ ಮರಳಿ ಬಂತು. 1913ರಲ್ಲಿ ಅದೇ ಪಂದ್ಯಕ್ಕೆ ಹೋದ ಕಾರುಗಳು ಅದೇ ಘಾಟಿಯನ್ನು ಹತ್ತಿ ಮೆರೆದವು. 15,000 ಮೈಲಿಯ ಓಟ ತೋರಿಸದ ಕೊರತೆಯನ್ನು ಒಂದು ಏರು ತೋರಿಸಿತ್ತು.

ಇಂದು ಯಾರಾದರೂ ಇಂಥ ಹಳೆಯ ಕಾರನ್ನು, ಅದು ರೋಲ್ಸ್ ರಾಯ್ಸ್ ಇರಲಿ, ನಮ್ಮ ಊರುಗಳಲ್ಲಿ ಅಲ್ಲಲ್ಲಿ ಉಳಿದಿರುವ ಫೋರ್ಡ್, ಆಸ್ಟಿನ್, ಮಾರಿಸ್, ಷೆವ್ರೊಲೆಗಳಿರಲಿ, ಪರೀಕ್ಷಿಸುವುದು ಹೇಗೆ? ಬಿಚ್ಚದೆ ತಿಳಿಯಬೇಕಾದರೆ ಮೊದಲ ನಿಯಮ, ಕಾರು ತಣ್ಣಗಿರುವಾಗಲೇ ಹೋಗಬೇಕು. ಮಾರುವವನು 'ನೀವು ಬರುವ ಹೊತ್ತಿಗೆ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದೆ ಸಾರ್' ಎಂದರೆ ಇನ್ನೊಂದು ದಿನ ಬರುವುದೇ ಲೇಸು. ಎಂಜಿನ್ ಹೊತ್ತಿಸುವ ಮುಂಚೆ ಮುಂದಿನ ಹ್ಯಾಂಡಲ್ಲನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಒಂದೊಂದು ಸಿಲಿಂಡರಿಗೂ ಒಂದು ಬಿಗಿ ಬರುತ್ತದೆ. ಎಲ್ಲ ಬಿಗಿಗಳೂ ಸಮನಾಗಿದ್ದರೆ ಒಳ್ಳೆಯದು. ಒಂದು ಕಡೆ ಪುಸ್ಸೆಂದು ಸಡಿಲವಾದರೆ ಅಲ್ಲಿ ವಾಲ್ವೋ ರಿಂಗೋ ಹೋಗಿದೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಡಬೇಕು, ಹಿಡಿಯ ಸುತ್ತ ಬಳಸಬಾರದು. ಸ್ಟೇರಿಂಗಿನ ಮೇಲಿರುವ ಕಿಡಿಯ ಲಿವರನ್ನು ತಡಮಾಡುವ ಕಡೆಗೆ ಇಡದೆ ಹೊತ್ತಿಸಿದರೆ ಹ್ಯಾಂಡಲ್ಲು ಹಿಂದಕ್ಕೆ ಒದೆಯುತ್ತದೆ. ಆ ಒದೆತಕ್ಕೆ ಮಣಿಕಟ್ಟು ಮುರಿದುಕೊಂಡವರು ಆ ಕಾಲದಲ್ಲಿ ಬಹಳ ಮಂದಿ.

ಹೊತ್ತಿಕೊಂಡ ಮೇಲೆ ಕಿವಿಗೆ ಕೆಲಸ. ತಣ್ಣಗಿರುವಾಗ ಟಪಟಪ ಎಂದು ಬಡಿದು ಬಿಸಿಯಾದ ಮೇಲೆ ಮಾಯವಾಗುವ ಸದ್ದು ಸಡಿಲ ಪಿಸ್ಟನ್ನಿನದು, ಬಹಳ ಹೆದರಬೇಕಿಲ್ಲ. ಭಾರ ಎಳೆಯುವಾಗ ಹೊಟ್ಟೆಯಾಳದಿಂದ ಧಡ್ ಧಡ್ ಎಂದು ಬರುವುದು ಮೇನ್ ಬೇರಿಂಗಿನದು, ಹೆದರಲೇಬೇಕು. ಒಂದೇ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರಿನಿಂದ ಕಾಲು ಸ್ವಲ್ಪ ಎತ್ತಿದಾಗ ಕಟಕಟ ಎಂದರೆ ಅದು ಕನೆಕ್ಟಿಂಗ್ ರಾಡಿನ ಬುಡದ್ದು. ಆಗ ಒಂದೊಂದೇ ಪ್ಲಗ್ಗಿನ ಕಿಡಿಯನ್ನು ತಪ್ಪಿಸಿ ನೋಡಿದರೆ, ಯಾವ ಸಿಲಿಂಡರಿನ ಸರದಿಯಲ್ಲಿ ಸದ್ದು ಬದಲಾಗುತ್ತದೋ ರೋಗ ಅಲ್ಲಿದೆ. ಹಳೆಯ ಮೇಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ಇದನ್ನು ಹೇಳಿಬಿಡುತ್ತಿದ್ದರು. ವೈದ್ಯರ ಸ್ಟೆತಾಸ್ಕೋಪಿಗೂ ಅದಕ್ಕೂ ತತ್ತ್ವ ಒಂದೇ.

ಆಮೇಲೆ ರಸ್ತೆ. ಟಾಪ್ ಗೇರಿನಲ್ಲಿ ಮನುಷ್ಯ ನಡೆಯುವಷ್ಟು ನಿಧಾನಕ್ಕೆ ಇಳಿಸಿ, ಮೆಲ್ಲಗೆ ಆಕ್ಸಿಲರೇಟರ್ ಒತ್ತಬೇಕು. ಗಾಡಿ ಎಳೆದುಕೊಂಡು ಹೊರಟರೆ ಕಾರ್ಬುರೇಟರು, ಕಿಡಿ, ವಾಲ್ವು ಎಲ್ಲವೂ ಒಂದು ತಾಳಕ್ಕಿವೆ. ಕುಪ್ಪಳಿಸಿದರೆ, ಕಟಕ್ ಎಂದು ಹಿಂದಿನಿಂದ ಸದ್ದು ಬಂದರೆ ಪ್ರೊಪೆಲ್ಲರ್ ಶಾಫ್ಟಿನ ಕೀಲು ಅಥವಾ ಡಿಫರೆನ್ಷಿಯಲ್ಲಿನ ಹಲ್ಲು ಸವೆದಿವೆ. ಉದ್ದನೆಯ ಏರು ಬಹಳ ಮುಖ್ಯ. ಚರ್ಮ ಹೊದಿಸಿದ ಕೋನ್ ಕ್ಲಚ್ಚು ಜಾರುವುದು, ರೇಡಿಯೇಟರು ಕುದಿಯುವುದು ಅಲ್ಲಿಯೇ ತಿಳಿಯುವುದು. ಅದಕ್ಕಿಂತ ಮುಖ್ಯ ಇಳಿಜಾರು. ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟು ಇಳಿದು, ಬುಡಕ್ಕೆ ಬಂದಾಗ ಮತ್ತೆ ಒತ್ತಿ, ಹಿಂದಿನ ಹೊಗೆ ನೋಡಬೇಕು. ಒಮ್ಮೆ ಭುಸ್ಸೆಂದು ನೀಲಿ ಹೊಗೆ ಬಂದು ನಿಂತರೆ ವಾಲ್ವಿನ ಗೈಡುಗಳಿಂದ ಎಣ್ಣೆ ಇಳಿಯುತ್ತಿದೆ. ಎಳೆಯುವಾಗಲೆಲ್ಲ ನೀಲಿ ಬರುತ್ತಿದ್ದರೆ ರಿಂಗು, ಬೋರು ಎರಡೂ ಕೆಲಸಕ್ಕೆ ಬಂದಿವೆ. ಕರಿಹೊಗೆ ಪೆಟ್ರೋಲು ಹೆಚ್ಚಾದುದರ ಗುರುತು, ಗುಣವಾಗುವ ಕಾಯಿಲೆ. ಇಳಿಜಾರಿನಲ್ಲಿ ಗೇರು ತಾನಾಗಿ ಹಾರಿ ಹೊರಬಂದರೆ ಮಾತ್ರ ಆ ಕಾರನ್ನು ಅಲ್ಲಿಂದ ಜೋಪಾನವಾಗಿ ಮನೆಗೆ ತರಬೇಕು.

ಬ್ರೇಕಿನ ವಿಷಯದಲ್ಲಿ ಇಂದಿನ ಚಾಲಕರಿಗೆ ಎಚ್ಚರ ಬೇಕು. ಸಿಲ್ವರ್ ಘೋಸ್ಟಿನಂಥ ಕಾರಿಗೂ ಕೊನೆಯ ವರ್ಷಗಳವರೆಗೆ ಮುಂದಿನ ಚಕ್ರಕ್ಕೆ ಬ್ರೇಕೇ ಇರಲಿಲ್ಲ. ಒಂದೂವರೆ ಎರಡು ಟನ್ನಿನ ಗಾಡಿ ನಿಲ್ಲಲು ಎಷ್ಟು ದೂರ ಬೇಕೆಂಬುದನ್ನು ಖಾಲಿ ರಸ್ತೆಯಲ್ಲಿ ಮೊದಲೇ ಕಂಡುಕೊಳ್ಳಬೇಕು, ಸಿಗ್ನಲ್ಲಿನಲ್ಲಿ ಅಲ್ಲ. ಸಮತಟ್ಟು ರಸ್ತೆಯಲ್ಲಿ ಒಂದು ವೇಗದಿಂದ ನ್ಯೂಟ್ರಲ್ ಮಾಡಿ, ತಾನಾಗಿ ನಿಲ್ಲುವವರೆಗೆ ಎಷ್ಟು ಗಜ ಹೋಯಿತೆಂದು ಎರಡೂ ದಿಕ್ಕಿನಲ್ಲಿ ಅಳೆದಿಟ್ಟುಕೊಂಡರೆ, ಮುಂದೆ ಯಾವುದೋ ಚಕ್ರ ಕಚ್ಚಿಕೊಂಡಾಗ ಆ ಅಂಕಿಯೇ ಸಾಕ್ಷಿ ಹೇಳುತ್ತದೆ. ಇದಕ್ಕೆ ದುಬಾರಿ ಉಪಕರಣ ಬೇಡ. ಸುಣ್ಣದ ಗೆರೆ ಎಳೆದರೆ ಸಾಕು.

ಹೆಚ್ಚು ಓಡದ ಕಾರು ಒಳ್ಳೆಯದಿರಬಹುದೆಂಬ ಭ್ರಮೆಯೂ ಇದೆ. ಹೈದರಾಬಾದಿನ ಆರನೆಯ ನಿಜಾಮರು 1911ರಲ್ಲಿ ಸಿಂಹಾಸನದಂಥ ಆಸನವಿರುವ ಹಳದಿ ಬಣ್ಣದ ಸಿಲ್ವರ್ ಘೋಸ್ಟ್ ಒಂದಕ್ಕೆ ಆರ್ಡರ್ ಕೊಟ್ಟಿದ್ದರು. ಅದು ಬರುವಷ್ಟರಲ್ಲಿ ಅವರೇ ತೀರಿಕೊಂಡಿದ್ದರು. ಚೌಮಹಲ್ಲಾ ಅರಮನೆಯಲ್ಲಿ ಕಾಣಸಿಗುವ ಆ ಕಾರು ತನ್ನ ಆಯುಷ್ಯದಲ್ಲಿ ಓಡಿದ್ದು ಕೆಲವೇ ನೂರು ಮೈಲಿ. ಅತ್ತ ಎಎಕ್ಸ್ 201 ಐದು ಲಕ್ಷ ಮೈಲಿ ದಾಟಿತು. ಯಂತ್ರಕ್ಕೆ ಓಟವಷ್ಟೇ ಅಲ್ಲ, ನಿಲುಗಡೆಯೂ ಸವೆತವೇ. ನಿಂತಲ್ಲೇ ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿಯುತ್ತದೆ, ಚರ್ಮದ ವಾಷರು ಒಣಗುತ್ತದೆ, ಮರದ ಚಕ್ರದ ಕಡ್ಡಿಗಳು ಬೇಸಿಗೆಯಲ್ಲಿ ಕುಗ್ಗಿ ಕಿರುಗುಟ್ಟುತ್ತವೆ. ಜೊತೆಗೆ ಈಗ ಹೊಸದೊಂದು ಪೀಡೆ. 2025ರ ವೇಳೆಗೆ ನಮ್ಮ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಸೇರಿತು. ಅದು ಹಳೆಯ ರಬ್ಬರನ್ನೂ, ಬಿರಡೆಯ ಬೂಚನ್ನೂ ಮೆತ್ತಗೆ ಮಾಡಿ ಕೆಡಿಸುತ್ತದೆ, ತೇವವನ್ನು ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ. ಸೀಸವಿಲ್ಲದ ಪೆಟ್ರೋಲಿನ ಬಗ್ಗೆ ಕೆಲವರು ಚಿಂತಿಸುವುದುಂಟು. 1907ರ ಎಂಜಿನ್ನಿಗೆ ಆ ಚಿಂತೆಯಿಲ್ಲ. ಪೆಟ್ರೋಲಿಗೆ ಸೀಸ ಬೆರೆಸುವ ಪದ್ಧತಿ ಬಂದದ್ದೇ 1920ರ ದಶಕದಲ್ಲಿ.

'ವಿಂಟೇಜ್' ಎಂಬ ಮಾತಿನ ಅರ್ಥವೂ ಊರೂರಿಗೆ ಬೇರೆ. ಇಂಗ್ಲೆಂಡಿನ ಅಭಿಮಾನಿಗಳು 1919ರಿಂದ 1930ರವರೆಗಿನವನ್ನು ಮಾತ್ರ ಹಾಗೆನ್ನುತ್ತಾರೆ. ಆ ಲೆಕ್ಕದಲ್ಲಿ ಸಿಲ್ವರ್ ಘೋಸ್ಟ್ ಅದಕ್ಕೂ ಹಿರಿಯದು. ಭಾರತ ಸರ್ಕಾರ 2021ರಲ್ಲಿ ನಿಯಮ ತಂದು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಬದಲಾಗದ ವಾಹನಗಳನ್ನು ವಿಂಟೇಜ್ ಎಂದು ಕರೆಯಿತು. ಅವಕ್ಕೆ ನಂಬರಿನ ನಡುವೆ 'ವಿಎ' ಎಂಬ ಅಕ್ಷರಗಳ ಪ್ರತ್ಯೇಕ ಸಾಲು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ತುಂಬಿಸುವುದು, ರಿಪೇರಿ ಇಂಥವಕ್ಕೆ ರಸ್ತೆಗೆ ಬರಬಹುದು. ನಮ್ಮಲ್ಲಿ ಧರ್ಮಸ್ಥಳದ ಕಾರು ಸಂಗ್ರಹವನ್ನು ನೋಡಿದವರಿಗೆ ಇಂಥ ವಾಹನಗಳ ರೂಪವೈವಿಧ್ಯದ ಕಲ್ಪನೆ ಇರುತ್ತದೆ. ಅವುಗಳನ್ನು ನೋಡಿಕೊಳ್ಳುವ ಕೈಗಳು ಕಡಿಮೆಯಾಗುತ್ತಿರುವುದು ಬೇರೆಯೇ ಚಿಂತೆ. ಬಿಳಿಲೋಹವನ್ನು ಕರಗಿಸಿ ಎರೆದು, ಹೆರೆದು ಬೇರಿಂಗ್ ಕೂರಿಸುವ ಮೇಸ್ತ್ರಿಯನ್ನು ಹುಡುಕುವುದು, ಆ ಕಾರನ್ನು ಹುಡುಕುವುದಕ್ಕಿಂತ ಕಷ್ಟವಾಗಿದೆ.

ಪರೀಕ್ಷೆಯ ಓಟ ಮುಗಿಸಿ ಬಂದ ತಕ್ಷಣ ನಾಲ್ಕು ಚಕ್ರಗಳ ನಡುಗುಂಬಕ್ಕೂ ಅಂಗೈ ತಾಗಿಸಿ ನೋಡಬೇಕು. ಒಂದು ಮಿಕ್ಕವಕ್ಕಿಂತ ಬಿಸಿಯಿದ್ದರೆ ಅಲ್ಲಿ ಬೇರಿಂಗೋ ಬ್ರೇಕೋ ಕಚ್ಚಿದೆ. ಪ್ಲಗ್ಗುಗಳನ್ನು ಬಿಚ್ಚಿ ಬಣ್ಣ ನೋಡಬೇಕು. ಕಾಫಿಪುಡಿಯ ತಿಳಿಕಂದು ಒಳ್ಳೆಯದು, ಜಿಡ್ಡುಗಪ್ಪು ಒಳ್ಳೆಯದಲ್ಲ. ಎಣ್ಣೆಕಡ್ಡಿಯ, ರೇಡಿಯೇಟರಿನ ಮಟ್ಟಗಳನ್ನು ಹೊರಡುವ ಮುಂಚಿನ ಗುರುತಿಗೆ ಹೋಲಿಸಬೇಕು. ರಾತ್ರಿ ಕಾರಿನ ಕೆಳಗೆ ಹಳೆಯ ದಿನಪತ್ರಿಕೆಗಳನ್ನು ಹಾಸಿಟ್ಟು ಮಲಗಬೇಕು. ಬೆಳಿಗ್ಗೆ ಯಾವ ಹಾಳೆಯ ಮೇಲೆ ಎಷ್ಟು ಹನಿ, ಯಾವ ಬಣ್ಣದ ಹನಿ ಬಿದ್ದಿದೆ ಎಂಬುದನ್ನು ನೋಡಿ, ಆಮೇಲೆ ಬೆಲೆಯ ಮಾತು.